ಥೀಸಿಸ್ ಮುಗಿಯುವ ಮೊದಲೇ ಬಯೋಟೆಕ್ ಕೆಲಸಕ್ಕೆ ತಯಾರಾಗುವುದು ಹೇಗೆ?

ಬಯೋಟೆಕ್ ಕಂಪನಿಗಳು ಥೀಸಿಸ್‌ನ ವಿಷಯ ನೋಡಿ ಕೆಲಸ ಕೊಡುವುದು ಕಡಿಮೆ. ಅವರ ಕೈಯಲ್ಲಿ ಒಂದು ಔಷಧಿಯೋ, ಕಿಣ್ವವೋ, ರೋಗ ಪತ್ತೆ ಮಾಡುವ ಕಿಟ್ಟೋ ಇರುತ್ತದೆ. ಅದು ಯಾವುದೋ ಒಂದು ಹಂತಕ್ಕೆ ಬಂದು ನಿಂತಿರುತ್ತದೆ. ಅಲ್ಲಿಂದ ಮುಂದಕ್ಕೆ ಒಯ್ಯಲು ಎಂಥವರು ಬೇಕೋ ಅಂಥವರನ್ನು ಅವರು ಹುಡುಕುತ್ತಾರೆ. ಎಂಎಸ್ಸಿ, ಪಿಎಚ್‌ಡಿ ಮಾಡುತ್ತಿರುವ ಬಹಳಷ್ಟು ಜನ ಇದನ್ನು ತಿರುಗಿಸಿ ನೋಡುತ್ತಾರೆ. "ನಾನು ಓದಿದ ಪ್ರೋಟೀನಿನ ಮೇಲೆ ಯಾವ ಕಂಪನಿ ಕೆಲಸ ಮಾಡುತ್ತಿದೆ?" ಎಂದು ಹುಡುಕುತ್ತಾರೆ. ಒಂದೂ ಸಿಗದೆ ಬೇಸರ ಮಾಡಿಕೊಳ್ಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಬೇರೆ. ಇಷ್ಟು ವರ್ಷದಲ್ಲಿ ನನಗೆ ಯಾವ ಕೆಲಸ ಚೆನ್ನಾಗಿ ಕೈಗೂಡಿದೆ? ಅದು ಯಾವ ಹಂತದಲ್ಲಿರುವ ಕಂಪನಿಗೆ ಬೇಕು?

ಈ ಪ್ರಶ್ನೆಯನ್ನು ಕೋರ್ಸ್ ಮುಗಿಯಲು ಒಂದೂವರೆ ವರ್ಷ ಇರುವಾಗಲೇ ಕೇಳಿಕೊಳ್ಳಿ. ಥೀಸಿಸ್ ಒಪ್ಪಿಸಿದ ಮೇಲೆ ಕೇಳಿಕೊಂಡರೆ ಲ್ಯಾಬ್ ಕೈಬಿಟ್ಟಿರುತ್ತದೆ, ಕಲಿಯಬೇಕಾದದ್ದನ್ನು ಕಲಿಯಲು ಜಾಗ ಇರುವುದಿಲ್ಲ.

ಶುರು ಮಾಡುವ ಮುಂಚೆ ಒಂದು ಅಳುಕನ್ನು ಪಕ್ಕಕ್ಕಿಡಬೇಕು. ಕಂಪನಿಗೆ ಹೋದರೆ ವಿಜ್ಞಾನ ಬಿಟ್ಟ ಹಾಗೆ ಎಂಬ ಮಾತು ಲ್ಯಾಬ್‌ಗಳಲ್ಲಿ ಇನ್ನೂ ಓಡಾಡುತ್ತದೆ. ನೀವು ದಿನವೂ ಮಾಡುವ ಪಿಸಿಆರ್ (ಡಿಎನ್‌ಎ ತುಣುಕನ್ನು ಲಕ್ಷಗಟ್ಟಲೆ ಪ್ರತಿ ಮಾಡುವ ವಿಧಾನ) ಹುಟ್ಟಿದ್ದೇ ಒಂದು ಕಂಪನಿಯಲ್ಲಿ. ಸೀಟಸ್ ಎಂಬ ಬಯೋಟೆಕ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಕ್ಯಾರಿ ಮುಲ್ಲಿಸ್‌ಗೆ 1983ರಲ್ಲಿ ಅದರ ಉಪಾಯ ಹೊಳೆಯಿತು. 1993ರಲ್ಲಿ ಅದಕ್ಕೆ ನೊಬೆಲ್ ಬಂತು. ಹಾಗಾಗಿ ಈ ದಾರಿ ಹಿಡಿಯುವುದಕ್ಕೆ ಯಾರ ಮುಂದೆಯೂ ನಾಚಿಕೊಳ್ಳಬೇಕಿಲ್ಲ.

ಮೊದಲ ಹೆಜ್ಜೆ: ಕಂಪನಿಯ ಒಳಗೆ ಏನು ನಡೆಯುತ್ತದೆ ಎಂದು ತಿಳಿಯಿರಿ

ಇನ್ಸುಲಿನ್ ಕಥೆಯನ್ನೇ ನೋಡಿ. ಜೆನೆನ್‌ಟೆಕ್ ಎಂಬ ಬಯೋಟೆಕ್ ಕಂಪನಿ ಶುರುವಾದದ್ದು 1976ರಲ್ಲಿ. 1978ರ ಹೊತ್ತಿಗೆ ಇ. ಕೋಲೈ ಬ್ಯಾಕ್ಟೀರಿಯಾದ ಒಳಗೆ ಮನುಷ್ಯರ ಇನ್ಸುಲಿನ್ ಸರಪಳಿಗಳನ್ನು ಮಾಡಿಸಿದ್ದಾಯಿತು. ಲ್ಯಾಬ್‌ನ ಲೆಕ್ಕದಲ್ಲಿ ಕೆಲಸ ಮುಗಿಯಿತು, ಪೇಪರ್ ಬರೆಯಬಹುದು. ಆದರೆ ಎಲೈ ಲಿಲ್ಲಿ ಕಂಪನಿಯ ಮೂಲಕ ಅದು ಔಷಧಿಯಾಗಿ ಅನುಮತಿ ಪಡೆದದ್ದು 1982ರಲ್ಲಿ. ನಡುವಿನ ಆ ನಾಲ್ಕು ವರ್ಷದಲ್ಲಿ ಏನಾಯಿತು? ಬೇರೆ ಬೇರೆಯಾಗಿ ತಯಾರಾದ ಎ ಮತ್ತು ಬಿ ಸರಪಳಿಗಳನ್ನು ಸರಿಯಾಗಿ ಜೋಡಿಸಬೇಕಿತ್ತು. ಫ್ಲಾಸ್ಕ್‌ನಲ್ಲಿ ಬೆಳೆದದ್ದನ್ನು ದೊಡ್ಡ ಟ್ಯಾಂಕ್‌ಗಳಲ್ಲಿ ಬೆಳೆಸಬೇಕಿತ್ತು. ಬ್ಯಾಕ್ಟೀರಿಯಾದ ಪ್ರೋಟೀನ್ ಆದಷ್ಟೂ ಉಳಿಯದಂತೆ ಶುದ್ಧ ಮಾಡಬೇಕಿತ್ತು. ಶುದ್ಧವಾಗಿದೆ ಎಂದು ಅಳೆದು ತೋರಿಸಬೇಕಿತ್ತು. ಜನರಿಗೆ ಕೊಟ್ಟು ಪರೀಕ್ಷೆ ಮಾಡಬೇಕಿತ್ತು.

ಇಂದು ಬಯೋಟೆಕ್‌ನಲ್ಲಿ ಇರುವ ಕೆಲಸಗಳಲ್ಲಿ ದೊಡ್ಡ ಪಾಲು ಈ ನಡುವಿನ ವರ್ಷಗಳಲ್ಲೇ ಇದೆ. ಅದು ನಮ್ಮ ಸಿಲಬಸ್‌ನಲ್ಲಿ ಮಾತ್ರ ಹೆಚ್ಚು ಕಾಣುವುದಿಲ್ಲ.

ಹಂತಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಮೊದಲು ಡಿಸ್ಕವರಿ: ಯಾವ ಗುರಿಗೆ ಹೊಡೆಯಬೇಕು, ಯಾವ ಅಣುವಿನಿಂದ ಹೊಡೆಯಬೇಕು. ಆಮೇಲೆ ಪ್ರೀಕ್ಲಿನಿಕಲ್: ಜೀವಕೋಶಗಳಲ್ಲಿ, ಪ್ರಾಣಿಗಳಲ್ಲಿ ಅದು ಕೆಲಸ ಮಾಡುತ್ತದೆಯೇ, ವಿಷವಾಗುತ್ತದೆಯೇ. ಅದರ ಜೊತೆಜೊತೆಗೇ ಪ್ರೊಸೆಸ್ ಡೆವಲಪ್‌ಮೆಂಟ್: ಪ್ರತಿ ಸಲವೂ ಒಂದೇ ಗುಣಮಟ್ಟದಲ್ಲಿ ಅದನ್ನು ತಯಾರಿಸುವ ವಿಧಾನ. ನಂತರ ಕ್ಲಿನಿಕಲ್ ಟ್ರಯಲ್‌ನ ಮೂರು ಹಂತ, ಅನುಮತಿಯ ಅರ್ಜಿ, ದೊಡ್ಡ ಪ್ರಮಾಣದ ತಯಾರಿಕೆ. ಇಡೀ ಓಟಕ್ಕೆ ಹತ್ತು ವರ್ಷಕ್ಕಿಂತ ಜಾಸ್ತಿಯೇ ಹಿಡಿಯುವುದುಂಟು. ಮೊದಲ ಹಂತದ ಟ್ರಯಲ್‌ಗೆ ಬಂದ ಹತ್ತು ಔಷಧಿಗಳಲ್ಲಿ ಹೆಚ್ಚುಕಡಿಮೆ ಒಂದು ಮಾತ್ರ ದಡ ಸೇರುತ್ತದೆ.

ಬಯೋಟೆಕ್ ಎಂದರೆ ಔಷಧಿ ಒಂದೇ ಅಲ್ಲ. ಚೀಸ್ ಮಾಡಲು ಬೇಕಾದ ಕೈಮೋಸಿನ್ ಕಿಣ್ವ ಮೊದಲು ಕರುವಿನ ಹೊಟ್ಟೆಯಿಂದ ಬರುತ್ತಿತ್ತು. ಜೀನ್ ತಂತ್ರದಿಂದ ತಯಾರಿಸಿದ ಕೈಮೋಸಿನ್‌ಗೆ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1990ರಲ್ಲೇ ಒಪ್ಪಿಗೆ ಕೊಟ್ಟಿತು. ಬಟ್ಟೆ ಒಗೆಯುವ ಪುಡಿಯ ಕಿಣ್ವಗಳು, ಬೀಜ, ರೋಗ ಪತ್ತೆಯ ಕಿಟ್, ಲ್ಯಾಬ್‌ಗೆ ಬೇಕಾದ ಯಂತ್ರ ಮತ್ತು ರೀಏಜೆಂಟ್, ಇವೆಲ್ಲ ಇದೇ ಉದ್ಯಮ. ಸಸ್ಯವಿಜ್ಞಾನ, ಮೈಕ್ರೋಬಯಾಲಜಿ ಓದಿದವರು ಔಷಧ ಕಂಪನಿಗಳ ಬಾಗಿಲನ್ನು ಮಾತ್ರ ತಟ್ಟುತ್ತಾ ಕೂರಬೇಡಿ.

ಎರಡನೇ ಹೆಜ್ಜೆ: ನಿಮ್ಮ ಜಾಗ ಯಾವುದು?

ಎಲ್ಲರ ಕಣ್ಣೂ ಡಿಸ್ಕವರಿ ಮೇಲೆ. ಅದು ನಾವು ಮಾಡುತ್ತಿರುವ ಕೆಲಸಕ್ಕೆ ಹತ್ತಿರ, ಅದಕ್ಕೇ. ಆದರೆ ಹುದ್ದೆಗಳು ಕಡಿಮೆ, ಪೈಪೋಟಿ ಜಾಸ್ತಿ. ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಹುದ್ದೆ) ಮಾಡಿದವರಿಗೇ ಅಲ್ಲಿ ಹೆಚ್ಚಾಗಿ ಮಣೆ.

ನನ್ನ ಮಟ್ಟಿಗೆ ವಿಜ್ಞಾನ ವಿದ್ಯಾರ್ಥಿಗಳು ಸರಿಯಾಗಿ ನೋಡದೇ ದಾಟಿಹೋಗುವ ಜಾಗ ಪ್ರೊಸೆಸ್ ಡೆವಲಪ್‌ಮೆಂಟ್ ಮತ್ತು ಅನಲಿಟಿಕಲ್ (ತಯಾರಾದದ್ದನ್ನು ಅಳೆದು ನೋಡುವ ವಿಭಾಗ). ಜೀವಕೋಶಗಳನ್ನು ಬೆಳೆಸಿ ಪ್ರೋಟೀನ್ ಮಾಡಿಸುವ ಭಾಗಕ್ಕೆ ಅಪ್‌ಸ್ಟ್ರೀಮ್ ಎನ್ನುತ್ತಾರೆ. ಅದನ್ನು ಕಾಲಂಗಳಲ್ಲಿ ಹಾಯಿಸಿ ಶುದ್ಧ ಮಾಡುವುದು ಡೌನ್‌ಸ್ಟ್ರೀಮ್. ಇಂದಿನ ಆಂಟಿಬಾಡಿ ಔಷಧಿಗಳಲ್ಲಿ ಹೆಚ್ಚಿನವು ಸಿಎಚ್‌ಒ ಕೋಶಗಳಲ್ಲಿ ತಯಾರಾಗುತ್ತವೆ. ಥಿಯೋಡರ್ ಪಕ್ ಅವರು 1957ರಲ್ಲಿ ಚೈನೀಸ್ ಹ್ಯಾಮ್‌ಸ್ಟರ್‌ನ ಅಂಡಾಶಯದಿಂದ ಬೇರೆ ಮಾಡಿ ಬೆಳೆಸಿದ ಕೋಶಗಳ ಸಂತತಿ ಅದು. ಟ್ಯಾಂಕ್‌ನ ಉಷ್ಣತೆ, ಪಿಎಚ್, ಆಮ್ಲಜನಕ ಸ್ವಲ್ಪ ಬದಲಾದರೂ ಪ್ರೋಟೀನಿನ ಮೇಲೆ ಕೂರುವ ಸಕ್ಕರೆಯ ಅಣುಗಳು ಬದಲಾಗಬಹುದು. ಸಕ್ಕರೆ ಬದಲಾದರೆ ದೇಹದಲ್ಲಿ ಔಷಧಿ ನಡೆದುಕೊಳ್ಳುವ ರೀತಿಯೂ ಬದಲಾಗಬಹುದು. ಇದು ಯಾಕೆ ಹೀಗಾಯಿತು ಎಂದು ಹುಡುಕುವುದು ಅಪ್ಪಟ ವಿಜ್ಞಾನ ಅಲ್ವಾ? ಪ್ರೋಟೀನ್ ಶುದ್ಧೀಕರಣ, ಎಚ್‌ಪಿಎಲ್‌ಸಿ (ಮಿಶ್ರಣವನ್ನು ಬಿಡಿಸಿ ಅಳೆಯುವುದು), ಮಾಸ್ ಸ್ಪೆಕ್ಟ್ರೋಮೆಟ್ರಿ (ಅಣುವಿನ ತೂಕ ಅಳೆಯುವುದು), ಎಲೈಸಾ (ಆಂಟಿಬಾಡಿ ಬಳಸಿ ಪ್ರೋಟೀನ್ ಪತ್ತೆ ಮಾಡುವುದು), ಸೆಲ್ ಕಲ್ಚರ್ (ಜೀವಕೋಶ ಬೆಳೆಸುವುದು), ಇವುಗಳಲ್ಲಿ ಒಂದೆರಡು ನಿಜವಾಗಿ ಗೊತ್ತಿದ್ದವರಿಗೆ ಇಲ್ಲಿ ಒಳ್ಳೆಯ ಕೆಲಸ ಇದೆ. ಪೋಸ್ಟ್‌ಡಾಕ್ ಬೇಕೆಂದು ಸಾಮಾನ್ಯವಾಗಿ ಕೇಳುವುದಿಲ್ಲ.

ಗುಣಮಟ್ಟದ ವಿಭಾಗದಲ್ಲಿ ಎರಡು ಬಗೆ. ಕ್ಯೂಸಿಯವರು ಸ್ಯಾಂಪಲ್ ಪರೀಕ್ಷೆ ಮಾಡುತ್ತಾರೆ. ಕ್ಯೂಎಯವರು ಇಡೀ ವ್ಯವಸ್ಥೆ ನಿಯಮದಂತೆ ನಡೆದಿದೆಯೇ ಎಂದು ದಾಖಲೆ ನೋಡಿ ಖಾತ್ರಿ ಮಾಡುತ್ತಾರೆ. ಎಂಎಸ್ಸಿ ಮುಗಿಸಿದವರಿಗೆ ಕ್ಯೂಸಿ ಒಳ್ಳೆಯ ಪ್ರವೇಶದ್ವಾರ. ಆದರೆ ಅಲ್ಲಿ ಒಂದೇ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಬೇಕು. ದಿನವೂ ಹೊಸದೇನಾದರೂ ಬೇಕು ಎನ್ನುವ ಸ್ವಭಾವದವರು ಮೊದಲೇ ಯೋಚಿಸಿ.

ಬರವಣಿಗೆ ಚೆನ್ನಾಗಿದ್ದರೆ ರೆಗ್ಯುಲೇಟರಿ ಅಫೇರ್ಸ್ (ಅನುಮತಿಯ ಅರ್ಜಿ, ನಿಯಮಗಳ ಕೆಲಸ), ಮೆಡಿಕಲ್ ರೈಟಿಂಗ್. ಕೋಡಿಂಗ್ ಬರುವುದಾದರೆ ಬಯೋಇನ್ಫರ್ಮ್ಯಾಟಿಕ್ಸ್ (ಜೀವವಿಜ್ಞಾನದ ಡೇಟಾವನ್ನು ಕಂಪ್ಯೂಟರ್‌ನಲ್ಲಿ ಬಿಡಿಸಿ ನೋಡುವುದು). ಮಾತು ಮತ್ತು ತಿರುಗಾಟ ಇಷ್ಟವಾದರೆ ಯಂತ್ರ ತಯಾರಿಸುವ ಕಂಪನಿಗಳಲ್ಲಿ ಅಪ್ಲಿಕೇಶನ್ ಸೈಂಟಿಸ್ಟ್ (ಯಂತ್ರ ಬಳಸುವುದನ್ನು ಗ್ರಾಹಕರಿಗೆ ಹೇಳಿಕೊಡುವವರು). ಪೇಟೆಂಟ್ ಕೆಲಸವೂ ಇದೆ, ಅದಕ್ಕೆ ಬಹಳ ಕಡೆ ಬೇರೆಯೇ ಪರೀಕ್ಷೆ ಬರೆಯಬೇಕಾಗುತ್ತದೆ.

ಪೋಸ್ಟ್‌ಡಾಕ್ ಬಗ್ಗೆ ಒಂದು ಮಾತು. ಏನು ಮಾಡಬೇಕೆಂದು ತೋಚದೆ ಸುಮ್ನೆ ಪೋಸ್ಟ್‌ಡಾಕ್‌ಗೆ ಸೇರಬೇಡಿ. ಹೊಸ ತಂತ್ರ ಕಲಿಯಲು, ಅಥವಾ ಡಿಸ್ಕವರಿಗೇ ಹೋಗಬೇಕೆಂದಿದ್ದರೆ ಅದು ಉಪಯೋಗಕ್ಕೆ ಬರುತ್ತದೆ. ಜೆನೆನ್‌ಟೆಕ್, ನೊವಾರ್ಟಿಸ್‌ನಂಥ ಕಂಪನಿಗಳು ತಮ್ಮಲ್ಲೇ ಪೋಸ್ಟ್‌ಡಾಕ್ ಅವಕಾಶ ಇಟ್ಟಿವೆ. ಅವನ್ನೂ ನೋಡಿ.

ಮೂರನೇ ಹೆಜ್ಜೆ: ಉದ್ಯೋಗ ಪ್ರಕಟಣೆಗಳನ್ನು ಡೇಟಾದಂತೆ ಓದಿ

ಅರ್ಜಿ ಹಾಕಲು ಅಲ್ಲ, ಕಲಿಯಲು ಓದಿ. ನಿಮಗೆ ಇಷ್ಟವಾದ ಒಂದೆರಡು ಬಗೆಯ ಕೆಲಸಗಳನ್ನು ಆರಿಸಿ, ಮೂವತ್ತು ಪ್ರಕಟಣೆಗಳನ್ನು ಒಂದು ಸ್ಪ್ರೆಡ್‌ಶೀಟ್‌ಗೆ ಹಾಕಿ. ಯಾವ ತಂತ್ರ ಎಷ್ಟು ಸಲ ಕೇಳಿದ್ದಾರೆ, ಯಾವ ಸಾಫ್ಟ್‌ವೇರ್, ಯಾವ ನಿಯಮಾವಳಿ, ಎಷ್ಟು ವರ್ಷದ ಅನುಭವ ಎಂದು ಎಣಿಸಿ. ಕಡ್ಡಾಯವಾದದ್ದನ್ನೂ "ಇದ್ದರೆ ಒಳ್ಳೆಯದು" ಎಂದದ್ದನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆಯಿರಿ.

ಎರಡು ಸಂಗತಿ ಗೊತ್ತಾಗುತ್ತವೆ. ಹೆಚ್ಚಿನ ಪ್ರಕಟಣೆಗಳಲ್ಲಿ ಏಳೆಂಟು ಮಾತುಗಳೇ ಮತ್ತೆ ಮತ್ತೆ ಬರುತ್ತವೆ. ಅವುಗಳಲ್ಲಿ ಅರ್ಧ ನಿಮಗೆ ಆಗಲೇ ಬರುತ್ತದೆ, ಹೆಸರು ಮಾತ್ರ ಬೇರೆ. ನೀವು "ಪ್ರೋಟೋಕಾಲ್ ಸರಿ ಮಾಡಿದೆ" ಎನ್ನುವುದನ್ನು ಅವರು ಅಸ್ಸೇ (ಅಳತೆಯ ಪರೀಕ್ಷೆ) ಡೆವಲಪ್‌ಮೆಂಟ್ ಎನ್ನುತ್ತಾರೆ. ಜೂನಿಯರ್‌ಗೆ ಹೇಳಿಕೊಟ್ಟು ಅವರ ಕೈಯಲ್ಲೂ ಅದೇ ಫಲಿತಾಂಶ ಬರುವಂತೆ ಮಾಡಿದಿರಾ? ಅದರ ದೊಡ್ಡ ರೂಪಕ್ಕೆ ಟೆಕ್ ಟ್ರಾನ್ಸ್‌ಫರ್ ಎಂದು ಹೆಸರು. ಉಳಿದರ್ಧ ನಿಮ್ಮ ಮುಂದಿನ ವರ್ಷದ ಪಾಠಪಟ್ಟಿ.

ಕೇಳಿದ್ದೆಲ್ಲ ಇದ್ದರೇ ಅರ್ಜಿ ಹಾಕಬೇಕು ಎಂದು ಕಾಯಬೇಡಿ. ಕಡ್ಡಾಯದ ಪಟ್ಟಿಯಲ್ಲಿ ಮುಕ್ಕಾಲು ಭಾಗ ಹೊಂದಿದರೆ ಹಾಕಿ.

ನಾಲ್ಕನೇ ಹೆಜ್ಜೆ: ಈಗಿನ ಲ್ಯಾಬ್‌ನಲ್ಲೇ ಅಭ್ಯಾಸ ಬದಲಿಸಿ

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಇದಕ್ಕೆ ಹಣವೂ ಬೇಕಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ.

ಮೊದಲನೆಯದು ದಾಖಲೆ. ಕಂಪನಿಯಲ್ಲಿ ಬರೆದಿಡದ ಪ್ರಯೋಗ ನಡೆದೇ ಇಲ್ಲ ಎಂಬ ಲೆಕ್ಕ. ಅಲ್ಲಿ ಡೇಟಾಗೆ ಐದು ಗುಣ ಇರಬೇಕೆನ್ನುತ್ತಾರೆ: ಯಾರು ಮಾಡಿದರೆಂದು ಗೊತ್ತಾಗಬೇಕು, ಓದಲು ಬರಬೇಕು, ಮಾಡಿದ ಹೊತ್ತಿಗೇ ಬರೆದಿರಬೇಕು, ಮೂಲ ದಾಖಲೆಯಾಗಿರಬೇಕು, ತಪ್ಪಿಲ್ಲದೆ ಇರಬೇಕು. ಇವುಗಳ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳನ್ನು ಸೇರಿಸಿ ಇದಕ್ಕೆ ಅಲ್ಕೋವಾ (ALCOA) ಎಂಬ ಅಡ್ಡಹೆಸರಿದೆ. ಇವತ್ತಿನಿಂದಲೇ ನೋಟ್‌ಬುಕ್ಕನ್ನು ಹಾಗೆ ಬರೆಯಿರಿ. ದಿನಾಂಕ, ರೀಏಜೆಂಟ್‌ನ ಲಾಟ್ ನಂಬರ್, ಯಂತ್ರದ ಹೆಸರು, ಎಲ್ಲವೂ ಇರಲಿ. ತಪ್ಪು ಬರೆದರೆ ಒಂದೇ ಗೆರೆ ಹೊಡೆದು, ಪಕ್ಕದಲ್ಲಿ ಸಹಿ ಮತ್ತು ದಿನಾಂಕ ಹಾಕಿ. ಚೀಟಿಯ ಮೇಲೆ ಬರೆದು ಸಂಜೆ ನಕಲು ಮಾಡುವ ಅಭ್ಯಾಸ ಬಿಡಿ.

ಎರಡನೆಯದು ನಂಬಬಹುದಾದ ಅಳತೆ. ಪೇಪರ್‌ಗೆ ಮೂರು ಸಲ ಬಂದರೆ ಸಾಕಾಗಬಹುದು. ಔಷಧಿಯ ಪರೀಕ್ಷೆಗೆ ಸಾಲದು. ಬೇರೆ ದಿನ, ಬೇರೆ ಯಂತ್ರ, ಬೇರೆ ಕೈ ಆದರೂ ಅದೇ ಉತ್ತರ ಬರುತ್ತದೆಯೇ? ಎಷ್ಟು ಕಡಿಮೆ ಪ್ರಮಾಣವನ್ನು ಅದು ಗುರುತಿಸಬಲ್ಲದು? ಯಾವ ಮಿತಿಯೊಳಗೆ ಅಳತೆ ಸರಳರೇಖೆಯಲ್ಲಿ ನಡೆಯುತ್ತದೆ? ನಿಮ್ಮ ಥೀಸಿಸ್‌ನ ಒಂದು ಅಸ್ಸೇ ತೆಗೆದುಕೊಂಡು ಈ ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಇಂಟರ್ವ್ಯೂನಲ್ಲಿ ಇದೊಂದನ್ನೇ ಹತ್ತು ನಿಮಿಷ ಮಾತಾಡಬಹುದು. ಹೇಗೆ ಮಾಡಬೇಕೆಂಬುದಕ್ಕೆ ಐಸಿಎಚ್ ಮಾರ್ಗಸೂಚಿಗಳಿವೆ. ಔಷಧ ನಿಯಮಗಳು ದೇಶದೇಶಕ್ಕೆ ಬೇರೆಯಾಗದಿರಲಿ ಎಂದು 1990ರಲ್ಲಿ ಶುರುವಾದ ವೇದಿಕೆ ಅದು. ಅದರ ಮಾರ್ಗಸೂಚಿಗಳೆಲ್ಲ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಅಳತೆ ವಿಧಾನಗಳಿಗೆ ಕ್ಯೂ2, ತಯಾರಿಕೆಗೆ ಕ್ಯೂ7, ಅಪಾಯದ ಲೆಕ್ಕಾಚಾರಕ್ಕೆ ಕ್ಯೂ9, ಕ್ಲಿನಿಕಲ್ ಟ್ರಯಲ್‌ಗೆ ಇ6. ಎಲ್ಲವನ್ನೂ ಓದಬೇಕಿಲ್ಲ. ನೀವು ಆರಿಸಿದ ಕೆಲಸಕ್ಕೆ ಸಂಬಂಧಪಟ್ಟ ಒಂದನ್ನು ಗಮನವಿಟ್ಟು ಓದಿ.

ಮೂರನೆಯದು ಸಂಖ್ಯಾಶಾಸ್ತ್ರ. ಅದರಲ್ಲೂ ಡಿಸೈನ್ ಆಫ್ ಎಕ್ಸ್‌ಪೆರಿಮೆಂಟ್ಸ್. ಲ್ಯಾಬ್‌ನಲ್ಲಿ ನಾವು ಒಂದು ಸಲಕ್ಕೆ ಒಂದೇ ಅಂಶ ಬದಲಿಸುತ್ತೇವೆ: ಮೊದಲು ಉಷ್ಣತೆ, ಆಮೇಲೆ ಪಿಎಚ್. ಎರಡೂ ಸೇರಿ ಏನು ಮಾಡುತ್ತವೆ ಎಂಬುದು ಆಗ ಕಾಣುವುದೇ ಇಲ್ಲ. 1920ರ ದಶಕದಲ್ಲಿ ರೋನಾಲ್ಡ್ ಫಿಶರ್ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇದಕ್ಕೆ ದಾರಿ ಕಂಡುಕೊಂಡರು. ಅಂಶಗಳನ್ನು ಒಟ್ಟಿಗೇ, ಒಂದು ಲೆಕ್ಕದ ಪ್ರಕಾರ ಬದಲಿಸಬೇಕು. ಪ್ರೊಸೆಸ್ ವಿಭಾಗಗಳಲ್ಲಿ ಇದು ದಿನನಿತ್ಯದ ಭಾಷೆ. ಮೂರು ಅಂಶ, ಎರಡೆರಡು ಮಟ್ಟ, ಒಟ್ಟು ಎಂಟು ಪ್ರಯೋಗ. ಆರ್ ಅಥವಾ ಪೈಥಾನ್‌ನಲ್ಲಿ ಫಲಿತಾಂಶ ಬಿಡಿಸಿ ನೋಡಿ. ಒಂದು ಸಲ ಮಾಡಿದರೆ ಕೈಗೆ ಬರುತ್ತದೆ.

ಸಾಧ್ಯವಾದರೆ ಮೂರು ತಿಂಗಳ ಇಂಟರ್ನ್‌ಶಿಪ್ ಮಾಡಿ. ಎಷ್ಟೋ ಕಂಪನಿಗಳು ಹೊಸಬರನ್ನು ತಮ್ಮ ಹಳೆಯ ಇಂಟರ್ನ್‌ಗಳಿಂದಲೇ ಆರಿಸಿಕೊಳ್ಳುತ್ತವೆ.

ಐದನೇ ಹೆಜ್ಜೆ: ಒಳಗಿರುವವರ ಹತ್ತಿರ ಮಾತಾಡಿ

ನಿಮ್ಮ ಲ್ಯಾಬ್‌ನಿಂದ ಹೋದ ಹಿರಿಯರು, ಹಳೆಯ ಸಹಲೇಖಕರು, ಸಮ್ಮೇಳನಗಳಲ್ಲಿ ಯಂತ್ರಗಳ ಸ್ಟಾಲ್ ಹಾಕಿರುವವರು, ಇಲ್ಲಿಂದ ಶುರು ಮಾಡಿ. ಸಂಕೋಚ ಬೇಡ. ತಮ್ಮ ಕೆಲಸದ ಬಗ್ಗೆ ಪ್ರಾಮಾಣಿಕವಾಗಿ ಕೇಳಿದರೆ ಬಹಳಷ್ಟು ಜನ ಖುಷಿಯಿಂದ ಹೇಳುತ್ತಾರೆ. ಪತ್ರ ಚಿಕ್ಕದಿರಲಿ:

"ನಮಸ್ಕಾರ. ನಾನು ಪ್ರೋಟೀನ್ ಶುದ್ಧೀಕರಣದ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ, ಮುಂದಿನ ವರ್ಷ ಮುಗಿಯುತ್ತದೆ. ನೀವು ಲ್ಯಾಬ್‌ನಿಂದ ಡೌನ್‌ಸ್ಟ್ರೀಮ್ ಕೆಲಸಕ್ಕೆ ಹೋದದ್ದು ನೋಡಿದೆ. ನನಗೂ ಆ ಕಡೆ ಬರುವ ಆಸೆ. ನಿಮಗೆ ಬಿಡುವಾದಾಗ ಇಪ್ಪತ್ತು ನಿಮಿಷ ಮಾತಾಡಬಹುದೇ? ನಾಲ್ಕು ಪ್ರಶ್ನೆಗಳಿವೆ."

ಪ್ರಶ್ನೆಗಳು ನಿಜಕ್ಕೂ ಇರಲಿ. ಕಳೆದ ವಾರ ನಿಮ್ಮ ಸಮಯ ಯಾವುದಕ್ಕೆ ಹೋಯಿತು? ಹೊಸದಾಗಿ ಸೇರಿದ ಪಿಎಚ್‌ಡಿಯವರು ಎಲ್ಲಿ ಎಡವುತ್ತಾರೆ? ನಿಮ್ಮ ತಂಡದಲ್ಲಿ ಮುಂದೆ ಯಾವ ಕೌಶಲ ಬೇಕಾಗುತ್ತದೆ? ಇನ್ಯಾರ ಹತ್ತಿರ ಮಾತಾಡಿದರೆ ಒಳ್ಳೆಯದು? ಮೊದಲ ಮಾತಿನಲ್ಲೇ ಕೆಲಸ ಕೊಡಿಸಿ ಎಂದು ಕೇಳಬೇಡಿ. ಮಾತಾದ ಮರುದಿನ ಎರಡು ಸಾಲಿನ ಧನ್ಯವಾದ ಕಳಿಸಿ. ಆರು ತಿಂಗಳ ನಂತರ, ಅವರ ಸಲಹೆಯಂತೆ ಏನು ಮಾಡಿದಿರಿ ಎಂದು ತಿಳಿಸಿ. ನೆನಪಿಟ್ಟುಕೊಳ್ಳುತ್ತಾರೆ.

ನಿಮ್ಮ ಗೈಡ್‌ಗೂ ಬೇಗ ಹೇಳಿಬಿಡಿ. ಮುಚ್ಚಿಟ್ಟರೆ ಇಂಟರ್ನ್‌ಶಿಪ್‌ಗೂ ಶಿಫಾರಸಿಗೂ ತೊಡಕು. ಹೇಳುವಾಗ ಪೇಪರ್ ಯಾವಾಗ ಮುಗಿಸುತ್ತೀರಿ ಎಂಬ ವೇಳಾಪಟ್ಟಿಯನ್ನೂ ಜೊತೆಗೆ ಒಯ್ಯಿರಿ. ಮಾತು ಸುಲಭವಾಗುತ್ತದೆ.

ಆರನೇ ಹೆಜ್ಜೆ: ರೆಸ್ಯೂಮೆ

ಎರಡು ಪುಟ, ಅಷ್ಟೇ. ಪೋಸ್ಟರ್‌ಗಳ ಪಟ್ಟಿ ಬೇಡ. ಮುಖ್ಯವಾದ ಪೇಪರ್‌ಗಳು ಕೊನೆಯಲ್ಲಿ ಬರಲಿ.

"ಎಕ್ಸ್ ಪ್ರೋಟೀನಿನ ರಚನೆ ಮತ್ತು ಕಾರ್ಯದ ಅಧ್ಯಯನ" ಎಂದು ಬರೆದರೆ ಓದುವವರಿಗೆ ನೀವು ಏನು ಮಾಡಬಲ್ಲಿರಿ ಎಂಬುದು ತಿಳಿಯುವುದಿಲ್ಲ. ಹೀಗೆ ಬರೆದು ನೋಡಿ: "ಇ. ಕೋಲೈಯಲ್ಲಿ ಕರಗದೆ ಗಡ್ಡೆಕಟ್ಟುತ್ತಿದ್ದ ಪ್ರೋಟೀನನ್ನು ಕರಗುವಂತೆ ಮಾಡಿದೆ. ಶುದ್ಧೀಕರಣವನ್ನು ನಾಲ್ಕು ಹಂತದಿಂದ ಎರಡಕ್ಕೆ ಇಳಿಸಿದೆ. ಇಳುವರಿ ಮೂರು ಪಟ್ಟಾಯಿತು. ಲ್ಯಾಬ್‌ನಲ್ಲಿ ಈಗ ಇಬ್ಬರು ಇದೇ ವಿಧಾನ ಬಳಸುತ್ತಾರೆ." ಸಮಸ್ಯೆ ಏನಿತ್ತು, ನೀವೇ ಏನು ಮಾಡಿದಿರಿ, ಎಷ್ಟು ವ್ಯತ್ಯಾಸವಾಯಿತು, ಅದರಿಂದ ಯಾರಿಗೆ ಉಪಯೋಗವಾಯಿತು. ಪ್ರತಿ ಸಾಲೂ ಹೀಗೆ ಬರಲಿ. ಅಂಕಿಗಳು ನಿಜವೇ ಆಗಿರಲಿ, ಇಂಟರ್ವ್ಯೂನಲ್ಲಿ ಕೇಳೇ ಕೇಳುತ್ತಾರೆ. ಒಮ್ಮೆ ಮಾತ್ರ ಮುಟ್ಟಿದ ಯಂತ್ರವನ್ನು "ಪರಿಣತಿ" ಎಂದು ಬರೆಯಬೇಡಿ.

ಪ್ರತಿ ಅರ್ಜಿಗೂ ಮೇಲಿನ ಅರ್ಧ ಪುಟವನ್ನು ಆ ಪ್ರಕಟಣೆಯ ಮಾತುಗಳಿಗೆ ಹೊಂದಿಸಿ. ಒಂದೇ ರೆಸ್ಯೂಮೆಯನ್ನು ನೂರು ಕಡೆ ಎಸೆಯುವುದಕ್ಕಿಂತ ಹತ್ತು ಕಡೆ ಸರಿಯಾಗಿ ಕಳಿಸುವುದು ಲೇಸು.

ಏಳನೇ ಹೆಜ್ಜೆ: ಇಂಟರ್ವ್ಯೂ

ಸಾಮಾನ್ಯವಾಗಿ ಮೊದಲು ಎಚ್‌ಆರ್ ಫೋನ್ ಮಾಡುತ್ತಾರೆ. ಆಮೇಲೆ ನಿಮ್ಮನ್ನು ಸೇರಿಸಿಕೊಳ್ಳುವ ಮ್ಯಾನೇಜರ್ ಮಾತಾಡುತ್ತಾರೆ. ಕೊನೆಗೆ ಒಂದು ಪೂರ್ತಿ ದಿನ. ಪಿಎಚ್‌ಡಿ ಮಟ್ಟದ ಹುದ್ದೆಗೆ ಆ ದಿನ ಸುಮಾರು ಒಂದು ಗಂಟೆ ನಿಮ್ಮ ಕೆಲಸದ ಬಗ್ಗೆ ಮಾತಾಡಬೇಕು.

ಆ ಮಾತು ಥೀಸಿಸ್ ಸೆಮಿನಾರ್ ಆಗಬಾರದು. ಎದುರಿಗೆ ಕೂತವರಲ್ಲಿ ಎಂಜಿನಿಯರ್ ಇರುತ್ತಾರೆ, ಕ್ಯೂಎಯವರಿರುತ್ತಾರೆ, ಸಂಖ್ಯಾಶಾಸ್ತ್ರಜ್ಞರಿರುತ್ತಾರೆ. ಮೊದಲ ಐದು ನಿಮಿಷದಲ್ಲಿ ಸಮಸ್ಯೆ ಯಾಕೆ ಮುಖ್ಯ ಎಂಬುದು ಎಲ್ಲರಿಗೂ ತಿಳಿಯಬೇಕು. ಅಧ್ಯಾಯಗಳನ್ನೆಲ್ಲ ತುರುಕದೆ ಎರಡೇ ಕಥೆ ಆರಿಸಿ. ಯಾವ ತಿರುವಿನಲ್ಲಿ ಯಾವ ನಿರ್ಧಾರ ತೆಗೆದುಕೊಂಡಿರಿ, ಯಾಕೆ, ಯಾವ ದಾರಿ ಬಿಟ್ಟಿರಿ ಎಂದು ಹೇಳಿ. ಅವರು ತೂಗುವುದು ನಿಮ್ಮ ತೀರ್ಮಾನಗಳನ್ನು.

"ಪ್ರಯೋಗ ಕೈಕೊಟ್ಟಾಗ ಏನು ಮಾಡಿದಿರಿ?", "ಸಹೋದ್ಯೋಗಿ ಜೊತೆ ಒಮ್ಮತ ಬರದಿದ್ದಾಗ?" ಎಂಬ ಪ್ರಶ್ನೆಗಳು ಖಂಡಿತ ಬರುತ್ತವೆ. ಪರಿಸ್ಥಿತಿ, ನಿಮ್ಮ ಹೊಣೆ, ನೀವು ಮಾಡಿದ್ದು, ಆದ ಫಲ, ಈ ಕ್ರಮದಲ್ಲಿ ಐದಾರು ಘಟನೆಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ. ಎಲ್ಲದಕ್ಕೂ "ನಾವು ಮಾಡಿದೆವು" ಎನ್ನುತ್ತಿದ್ದರೆ ನಿಮ್ಮ ಪಾಲು ಯಾವುದೆಂದು ಅವರಿಗೆ ತಿಳಿಯುವುದಿಲ್ಲ.

ಪ್ರಕಟವಾಗದ ಫಲಿತಾಂಶ, ಪೇಟೆಂಟ್ ಆಗಬಹುದಾದ ವಿಷಯ ಇದ್ದರೆ ಗೈಡ್‌ನ ಒಪ್ಪಿಗೆ ಇಲ್ಲದೆ ತೋರಿಸಬೇಡಿ. "ಇದನ್ನು ಈಗ ಹೇಳಲಾರೆ" ಎಂದರೆ ಯಾರೂ ಬೇಸರಪಡುವುದಿಲ್ಲ. ಗುಟ್ಟು ಕಾಯುವವರೇ ಅವರಿಗೆ ಬೇಕು.

ನೀವೂ ಕೇಳಿ. ಉತ್ಪನ್ನ ಯಾವ ಹಂತದಲ್ಲಿದೆ? ಈ ಹುದ್ದೆ ಹೊಸದೋ, ಯಾರಾದರೂ ಬಿಟ್ಟುಹೋದದ್ದೋ? ಕೈಯಲ್ಲಿರುವ ಹಣ ಎಷ್ಟು ತಿಂಗಳಿಗೆ ಸಾಕು? ಕೊನೆಯದನ್ನು ಸಣ್ಣ ಕಂಪನಿಯಲ್ಲಿ ಕೇಳಲೇಬೇಕು. ಒಂದೇ ಔಷಧಿಯನ್ನು ನಂಬಿರುವ ಕಂಪನಿಯಲ್ಲಿ ಒಂದು ಟ್ರಯಲ್ ಸೋತರೆ ಅರ್ಧ ತಂಡ ಮನೆಗೆ ಹೋಗಬೇಕಾಗಬಹುದು. ಷೇರು ಮಾರುಕಟ್ಟೆಯಲ್ಲಿರುವ ಕಂಪನಿಯಾದರೆ ವಾರ್ಷಿಕ ವರದಿಯಲ್ಲೇ ಈ ಲೆಕ್ಕ ಸಿಗುತ್ತದೆ, ಓದಿಕೊಂಡು ಹೋಗಿ. ಸಣ್ಣ ಕಂಪನಿಯಲ್ಲಿ ಎಲ್ಲ ಕೆಲಸವೂ ಕೈಗೆ ಬರುತ್ತದೆ, ದೊಡ್ಡದರಲ್ಲಿ ಪದ್ಧತಿ ಕಲಿಯುತ್ತೀರಿ. ಬೇರೆ ಕಂಪನಿಗಳಿಗೆ ತಯಾರಿಸಿಕೊಡುವ ಸಿಡಿಎಂಒಗಳಲ್ಲಿ ಒತ್ತಡ ಜಾಸ್ತಿ. ಆದರೆ ಹಲವು ಬಗೆಯ ಅಣುಗಳು ಕೈಯಿಂದ ಹಾದುಹೋಗುತ್ತವೆ. ಮೊದಲ ಕೆಲಸಕ್ಕೆ ಅದು ಒಳ್ಳೆಯ ಗರಡಿ ಎಂದೇ ನನ್ನ ಅಭಿಪ್ರಾಯ.

ಆಫರ್ ಬಂದ ಮೇಲೆ

ಫೋನಿನಲ್ಲೇ ಹೂಂ ಎನ್ನಬೇಡಿ. ಬರಹದಲ್ಲಿ ಕೇಳಿ, ಎರಡು ದಿನ ಸಮಯ ತೆಗೆದುಕೊಳ್ಳಿ. ಸಂಬಳದ ಜೊತೆಗೆ ಬೋನಸ್, ವಿಮೆ, ರಜೆ ನೋಡಿ. ಷೇರು ಕೊಡುವುದಾದರೆ ಅದು ಎಷ್ಟು ವರ್ಷದಲ್ಲಿ ನಿಮ್ಮದಾಗುತ್ತದೆ ಎಂದು ಕೇಳಿ. ಬಹಳ ಕಡೆ ನಾಲ್ಕು ವರ್ಷ ಹಿಡಿಯುತ್ತದೆ, ಮೊದಲ ವರ್ಷ ತುಂಬುವ ಮುಂಚೆ ಬಿಟ್ಟರೆ ಏನೂ ಸಿಗುವುದಿಲ್ಲ. ಬಿಟ್ಟ ಮೇಲೆ ಬೇರೆ ಕಂಪನಿ ಸೇರದಂತೆ ತಡೆಯುವ ಷರತ್ತು ಇದೆಯೇ ನೋಡಿ.

ಥೀಸಿಸ್ ಒಪ್ಪಿಸಿದ ನಂತರದ ದಿನಾಂಕವನ್ನೇ ಸೇರುವ ದಿನವಾಗಿ ಕೇಳಿ. ಕೆಲಸಕ್ಕೆ ಸೇರಿ ರಾತ್ರಿ ಹೊತ್ತು ಥೀಸಿಸ್ ಬರೆಯುತ್ತೇನೆ ಎಂದುಕೊಂಡವರದ್ದು ವರ್ಷಗಟ್ಟಲೆ ಎಳೆಯುತ್ತದೆ.

ಸೇರಿದ ಮೇಲೆ

ಮೊದಲ ಕೆಲವು ವಾರ ಎಸ್‌ಒಪಿ (ಪ್ರತಿ ಕೆಲಸವನ್ನು ಮಾಡುವ ಕ್ರಮ ಬರೆದಿಟ್ಟ ದಾಖಲೆ) ಓದುವುದು, ತರಬೇತಿಗೆ ಸಹಿ ಹಾಕುವುದರಲ್ಲೇ ಹೋಗಬಹುದು. ಬೇಸರಿಸದೆ ಓದಿ. ಪ್ರತಿ ನಿಯಮದ ಹಿಂದೆ ಎಲ್ಲೋ ಆದ ಒಂದು ಅನಾಹುತ ಇರುತ್ತದೆ, ಅದೇನೆಂದು ಹಿರಿಯರನ್ನು ಕೇಳಿ ತಿಳಿದುಕೊಳ್ಳಿ. ಪ್ರೊಸೆಸ್‌ನಲ್ಲಿ ಏನೋ ಬೇರೆಯಾಗಿ ಕಂಡರೆ ಸದ್ದಿಲ್ಲದೆ ಸರಿಮಾಡಿ ಮುಂದೆ ಹೋಗಬೇಡಿ. ಅಂದೇ ತಿಳಿಸಿ, ಬರೆದಿಡಿ.

ನೀವು ಪ್ರೀತಿಯಿಂದ ಮಾಡುತ್ತಿರುವ ಪ್ರಾಜೆಕ್ಟ್ ಒಂದು ದಿನ ನಿಲ್ಲಬಹುದು. ಡೇಟಾ ಚೆನ್ನಾಗಿದ್ದರೂ ಮಾರುಕಟ್ಟೆ ಇಲ್ಲವೆಂದೋ, ಹಣ ಬೇರೆ ಕಡೆ ಬೇಕೆಂದೋ ನಿಲ್ಲಿಸುತ್ತಾರೆ. ಪಿಎಚ್‌ಡಿಯಲ್ಲಿ ಒಂದೇ ಪ್ರಶ್ನೆಯನ್ನು ಐದು ವರ್ಷ ಹಿಡಿದು ಕೂತವರಿಗೆ ಇದು ನೋವು ಕೊಡುತ್ತದೆ. ಹಾಗಾದಾಗ ಒಂದು ವಾರದೊಳಗೆ ಮುಕ್ತಾಯದ ವರದಿ ಬರೆಯಿರಿ: ಏನು ಮಾಡಿದೆವು, ಏನು ಗೊತ್ತಾಯಿತು, ಸ್ಯಾಂಪಲ್‌ಗಳು ಯಾವ ಫ್ರೀಜರ್‌ನಲ್ಲಿವೆ, ಮತ್ತೆ ಶುರುವಾದರೆ ಮೊದಲ ಪ್ರಯೋಗ ಯಾವುದು. ಅದನ್ನು ಮ್ಯಾನೇಜರ್‌ಗೆ ಕೊಡುವಾಗಲೇ ಮುಂದೆ ಯಾವ ತಂಡಕ್ಕೆ ಕೈ ಬೇಕಾಗಿದೆ ಎಂದು ಕೇಳಿ.